ಹಬ್ಬದ ಕಲ್ಲಿನಲ್ಲಿ ಒಣ ಸೀಗಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೊಡ್ಡಮ್ಮನ ಹಬ್ಬದ ಕುಟ್ಟಾಣಿಯಲ್ಲಿ, ಅದೂ ಶನಿವಾರದ ದಿನ, ಒಣ ಸೀಗಡಿ ಹಾಕಿ ಕುಟ್ಟಿದ್ದು ನಾನೇ. ಯಾರೂ ಕೈ ಹಿಡಿದು ಮಾಡಿಸಲಿಲ್ಲ. ಆ ಹೊತ್ತಿಗೆ ನನ್ನ ಒಂದು ಕೈಯಲ್ಲಿ ಮೈಕ್ ಇತ್ತು, ಎದುರಿಗೆ ನಗುವ ಜನ ಇದ್ದರು. ಈ ಎರಡೂ ಒಟ್ಟಿಗೆ ಸಿಕ್ಕಿದರೆ ನನ್ನ ತಲೆ ರಜೆ ಹಾಕಿ ಹೊರಟುಹೋಗುತ್ತದೆ, ಬಾಯಿ ಮಾತ್ರ ಡ್ಯೂಟಿಯಲ್ಲಿರುತ್ತದೆ.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಹೆಲ್ಪ್‌ಡೆಸ್ಕ್ ಹುಡುಗ. ಜನ ಪಾಸ್‌ವರ್ಡ್ ಮರೆಯುತ್ತಾರೆ, ನಾನು ಹೊಸದು ಕೊಡುತ್ತೇನೆ, ಅವರು ಅದನ್ನೂ ಮರೆಯುತ್ತಾರೆ. ಹೀಗೆ ನಮ್ಮ ಅನ್ನ ನಡೆಯುತ್ತದೆ. ಅಪ್ಪ ಅಮ್ಮ ಇರುವುದು ಪೀಣ್ಯದಲ್ಲಿ. ಅಲ್ಲಿಂದ ದಿನಾ ಊರಿನ ಈ ತುದಿಗೆ ಬಂದು ಹೋದರೆ ಕೆಲಸ ಮಾಡಲು ಹೊತ್ತೇ ಉಳಿಯುವುದಿಲ್ಲವೆಂದು, ಚಂದಾಪುರ ದಾಟಿದ ಮೇಲೆ ಸಿಗುವ ದೊಡ್ಡಮ್ಮನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡಿದ್ದೇನೆ. ದೊಡ್ಡಮ್ಮ ಅಮ್ಮನ ಅಕ್ಕ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವಳು ಬಾಡಿಗೆ ಮನೆ ಬೆಳೆಯುತ್ತಾಳೆ. ಹದಿನಾಲ್ಕು ಬಾಗಿಲು, ಹದಿನಾಲ್ಕು ನೀರಿನ ಮೋಟಾರ್ ಜಗಳ. ಎಲ್ಲವನ್ನೂ ಬಾಗಿಲಲ್ಲಿ ನಿಂತು ಒಂದೇ ಕೂಗಿನಲ್ಲಿ ಬಗೆಹರಿಸುತ್ತಾಳೆ.

ನನಗೆ ಬರುವ ಒಂದೇ ವಿದ್ಯೆ ಬೇರೆಯವರ ದನಿ. ನಮ್ಮ ಮ್ಯಾನೇಜರ್ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಮುನ್ನ ಕೆಮ್ಮುವ ಕೆಮ್ಮು, ಬೊಮ್ಮನಹಳ್ಳಿ ಸಿಗ್ನಲ್‌ನಲ್ಲಿ ಕಂಡಕ್ಟರ್ ಬಾಗಿಲು ಬಡಿದು ಕೂಗುವ ಕೂಗು, ದೊಡ್ಡಮ್ಮ ಟ್ಯಾಂಕ್ ತುಂಬಿ ಹರಿದಾಗ ಎಬ್ಬಿಸುವ ಗದ್ದಲ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನ ಸ್ವಂತ ದನಿಯನ್ನು ಒಮ್ಮೆ ಕಂಪನಿಯ ಕರೆಯ ರೆಕಾರ್ಡಿಂಗ್‌ನಲ್ಲಿ ಕೇಳಿ, ‘ಪಾಪ, ಯಾರಿದು, ನೆಗಡಿ ಬಂದಿದ್ರೂ ಕೆಲಸಕ್ಕೆ ಬಂದಿದ್ದಾನೆ’ ಅಂದಿದ್ದೆ.

ಇನ್ನು ಈ ಕಥೆಯ ನಿಜವಾದ ಹಕ್ಕುದಾರರು ನಮ್ಮ ಅತ್ತಿಗೆ. ದೊಡ್ಡಮ್ಮನ ಮಗ, ಅಂದರೆ ನಮ್ಮಣ್ಣ, ಅತ್ತಿಬೆಲೆಯ ಕಡೆ ಗಾಡಿಗಳ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿದ್ದಾನೆ. ಹೊಸ ಮೆಷಿನ್ ಕಲಿತು ಬಾ ಎಂದು ಕಂಪನಿಯವರು ಅವನನ್ನು ಆರು ತಿಂಗಳು ಥಾಯ್ಲೆಂಡಿಗೆ ಕಳಿಸಿದರು. ಮೆಷಿನ್ ಎಷ್ಟು ಕಲಿತನೋ ಗೊತ್ತಿಲ್ಲ, ಅಲ್ಲಿ ಕಲಿಸುತ್ತಿದ್ದವರನ್ನು ಮದುವೆಯಾಗಿ ಕರೆದುಕೊಂಡು ಬಂದ. ಅತ್ತಿಗೆ ಕನ್ನಡ ಕಲಿತದ್ದು ದೊಡ್ಡಮ್ಮನ ಬಾಯಿಂದ. ಹಾಗಾಗಿ ಅವರದು ಅಪ್ಪಟ ನಮ್ಮೂರ ಕನ್ನಡ. ಮಾಲ್‌ನಲ್ಲಿ ಹುಡುಗಿ ಇಂಗ್ಲಿಷ್‌ನಲ್ಲಿ ಸೈಜ್ ಕೇಳಿದರೆ, ಇವರು “ಒಸಿ ಸಡ್ಲಾ ಇರೋದ್ ಕೊಡವ್ವ” ಅನ್ನುತ್ತಾರೆ. ಹುಡುಗಿ ಎರಡು ಸಲ ಮುಖ ನೋಡುತ್ತಾಳೆ. ನನ್ನ ಮಿಮಿಕ್ರಿಗೆ ಯಾರೂ ಅಷ್ಟು ಬೆಚ್ಚಿದ್ದಿಲ್ಲ.

ಮನೆಗೆ ಬಂದು ಎರಡು ವರ್ಷ. ದೊಡ್ಡಮ್ಮನ ಅಡುಗೆಮನೆಯಲ್ಲಿ ಅತ್ತಿಗೆ ಮುದ್ದೆ ತಿರುವಿದರು, ಸೊಪ್ಪು ಬಸಿದರು, ಗೊಜ್ಜು ಕಿವುಚಿದರು. ಆದರೆ ತಮ್ಮ ಊರಿನದು ಏನು ಮಾಡಬೇಕಾದರೂ ತಾರಸಿ ಹತ್ತಬೇಕು. ಅಲ್ಲಿ ಶೀಟ್ ಹೊದಿಸಿದ ಒಂದು ಕೋಣೆ, ಒಂದು ಬರ್ನರ್ ಒಲೆ, ಮೀನಿನ ಸಾಸಿನ ಒಂದು ಬಾಟಲಿ. ಕಾರಣ ಬರೀ ವಾಸನೆಯಲ್ಲ. ನಮ್ಮಲ್ಲಿ ಬಾಡು ತಿನ್ನುತ್ತೇವೆ, ಬಾಡಿನ ಪಾತ್ರೆ ಬೇರೆ ಇರುತ್ತದೆ, ಅದು ಬೇಯುವುದು ಹಿತ್ತಲ ಒಲೆಯಲ್ಲಿ. ಒಳಗಿನ ಒಲೆ ಪಕ್ಕದಲ್ಲೇ ದೇವರ ಗೂಡು. ಯಾವುದು ಒಳಗೆ, ಯಾವುದು ಹೊರಗೆ ಎಂದು ದೊಡ್ಡಮ್ಮನಿಗೆ ಕಣ್ಣು ಮುಚ್ಚಿದರೂ ಗೊತ್ತು. ಅತ್ತಿಗೆಯ ಅಡುಗೆ ಎಲ್ಲಿಗೆ ಸೇರುತ್ತದೆ ಎಂಬುದು ಮಾತ್ರ ಗೊತ್ತಾಗದೆ, ಮೀನಿಲ್ಲದ್ದನ್ನೂ ಸೇರಿಸಿ ಎಲ್ಲವನ್ನೂ ತಾರಸಿಗೆ ಹತ್ತಿಸಿಬಿಟ್ಟಿದ್ದಳು. ಅತ್ತಿಗೆ ಜಗಳವಾಡಲಿಲ್ಲ. ಒಂದು ಸಲ ನನ್ನೊಬ್ಬನ ಹತ್ತಿರ, “ತಮ್ಮಾ, ಮಳೆ ಬಂದಾಗ ಶೀಟ್ ಮ್ಯಾಲೆ ಸದ್ದು ಜಾಸ್ತಿ ಕಣೋ. ಒಬ್ಬಳೇ ಕೂತು ಉಣ್ಣಾಕೆ ಬೇಜಾರು” ಅಂದಿದ್ದರು. ಅಷ್ಟೇ. ಅದಕ್ಕೂ ನಾನು ಏನೋ ತಮಾಷೆ ಮಾಡಿದ್ದೆ. ನೆನೆಸಿಕೊಂಡರೆ ಕೆನ್ನೆಗೆ ಹೊಡೆದುಕೊಳ್ಳುವಂತಾಗುತ್ತದೆ.

ಆಗ ಬಂತು ಈ ಮೇಳ. ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ತಮ್ಮ ಮೈದಾನದಲ್ಲಿ ಥಾಯ್ ಊಟ, ಬೇರೆ ಬೇರೆ ದೇಶದ ಊಟ, ಹಾಡು, ಕುಣಿತ, ಮಕ್ಕಳ ಆಟ ಎಲ್ಲ ಸೇರಿಸಿ ಶನಿವಾರ ಒಂದು ದಿನದ ಹಬ್ಬ ಮಾಡಲು ಹೊರಟಿದ್ದರು. ಸುತ್ತಮುತ್ತಲಿನ ಫ್ಯಾಕ್ಟರಿಗಳಿಗೆ ಬಂದ ಥಾಯ್ ಕುಟುಂಬಗಳು ಹತ್ತು ಹನ್ನೆರಡು ಇದ್ದವಂತೆ. ಅತ್ತಿಗೆಗೂ ಒಂದು ಮಳಿಗೆ ಸಿಕ್ಕಿತು. ಅವರು ಮಾಡಲಿದ್ದದ್ದು ತಮ್ಮೂರಿನ ಪರಂಗಿಕಾಯಿ ಕೋಸಂಬರಿ. ಹಸಿ ಪರಂಗಿಯನ್ನು, ಅಂದರೆ ಪಪ್ಪಾಯಿಕಾಯಿಯನ್ನು, ಎಳೆ ಎಳೆಯಾಗಿ ತುರಿದು, ಬೆಳ್ಳುಳ್ಳಿ, ಮೆಣಸಿನಕಾಯಿ, ಬೆಲ್ಲ, ನಿಂಬೆರಸ, ಕಡಲೆಕಾಯಿ ಬೀಜ, ಒಣ ಸೀಗಡಿ, ಮೀನಿನ ಸಾಸು ಹಾಕಿ ಕುಟ್ಟಾಣಿಯಲ್ಲಿ ಮೆತ್ತಗೆ ಕುಟ್ಟುವುದು.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ದೊಡ್ಡಮ್ಮನನ್ನು ಕರೆದರು. “ಅವ್ವ, ನೀನೂ ಬಂದು ಒಂದ್ ತುತ್ತು ತಿನ್ನು.”

“ಶನಿವಾರ ಕಣಮ್ಮಿ. ಮೀನು ಗೀನು ಮುಟ್ಟಾಕಿಲ್ಲ.”

“ಮೀನು ಆಕಾಕಿಲ್ಲ. ನಿಂಗೇ ಅಂತ ಬ್ಯಾರೆ ಮಾಡ್ತೀನಿ.”

ದೊಡ್ಡಮ್ಮ ರಾಗಿಹಿಟ್ಟಿನ ಕೈ ತೊಳೆದುಕೊಂಡಳು. ಆಮೇಲೆ ಮೂಲೆಯಲ್ಲಿದ್ದ ತನ್ನ ಕಲ್ಲಿನ ಕುಟ್ಟಾಣಿ ತೋರಿಸಿದಳು. ಅದು ಹಬ್ಬದ ಕಲ್ಲು. ಒಬ್ಬಟ್ಟಿನ ಏಲಕ್ಕಿ, ಎಡೆಯ ಅಡುಗೆಯ ಕಾಯಿ ಖಾರ ಬಿಟ್ಟರೆ ಇನ್ನೇನೂ ಕಾಣದ ಕಲ್ಲು. ಬಾಡಿನ ಮಸಾಲೆ ಅದರ ಹತ್ತಿರ ಸುಳಿದಿದ್ದಿಲ್ಲ.

“ಇದ್ರಾಗೆ ಕುಟ್ಟು. ತಿಂದ್ ನೋಡ್ತೀನಿ. ಬಾಯಿಗೆ ಇಡಿಸ್ತು ಅಂದ್ರೆ ಮಾರ್ನೇ ದಿನದಿಂದ ಒಳಗಿನ ಒಲೆ ನಿಂದೂವೆ. ಇಡಿಸ್ನಿಲ್ಲ ಅಂದ್ರೆ ತಾರ್ಸಿ ಬಗ್ಗೆ ಮತ್ತೆ ಸೊಲ್ಲೆತ್ತಂಗಿಲ್ಲ.”

ಅತ್ತಿಗೆ ಆ ಕಲ್ಲನ್ನು ಅಂದು ಸಂಜೆಯೇ ಮೂರು ಸಲ ತೊಳೆದಿಟ್ಟರು.

ಶನಿವಾರ ಬೆಳಿಗ್ಗೆ ಕಲ್ಲು ಸಾಗಿಸುವ ಕೆಲಸ ನನ್ನದು. ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಹೊಸೂರು ರಸ್ತೆಯ ಹಳ್ಳಗಳನ್ನು ದಾಟಿದೆ. ಪ್ರತಿ ಹಳ್ಳದಲ್ಲೂ ಕಲ್ಲು ಒಂದಿಷ್ಟು ಎದ್ದು ನನ್ನ ಮೊಣಕಾಲಿಗೆ ನಮಸ್ಕಾರ ಹೇಳುತ್ತಿತ್ತು. ಅಪಾರ್ಟ್‌ಮೆಂಟಿನ ಗೇಟಲ್ಲಿ ಸೆಕ್ಯುರಿಟಿಯವನು ತಡೆದ.

“ಏನ್ ಸಾರ್ ಇದು?”

“ಕಲ್ಲು.”

“ಲಿಸ್ಟಲ್ಲಿ ಕಲ್ಲು ಇಲ್ಲ ಸಾರ್. ಫುಡ್ ಐಟಂ ಮಾತ್ರ ಒಳಗೆ.”

“ಇದ್ರಲ್ಲೇ ಫುಡ್ ಆಗೋದು ಗುರು.”

ಅವನು ಬಗ್ಗಿ ನೋಡಿದ. “ಎಲ್ಲಿ, ಏನೂ ಇಲ್ವಲ್ಲ ಸಾರ್?” ಅಂದ. ಆಯೋಜಕಿ ಮೇಡಂ ಓಡಿ ಬಂದು ಬಿಡಿಸದಿದ್ದರೆ ನಾನು ಇನ್ನೂ ಅಲ್ಲೇ ಇರುತ್ತಿದ್ದೆ.

ಒಳಗೆ ಹೋದ ಮೇಲೆ ಮಾತ್ರ ನನ್ನ ಮೊಣಕಾಲು ನನಗೆ ಮರೆತೇ ಹೋಯಿತು. ಅಬ್ಬಾ, ಏನು ಗದ್ದಲ! ಒಂದು ಕಡೆ ತೆಂಗಿನ ಹಾಲಿನ ಸಾರು ದೊಡ್ಡ ಕಡಾಯಿಯಲ್ಲಿ ಕುದಿಯುತ್ತಿತ್ತು, ಅದರಿಂದ ನಿಂಬೆ ಎಲೆಯ ಪರಿಮಳ ಎದ್ದು ಬರುತ್ತಿತ್ತು. ಇನ್ನೊಂದು ಕಡೆ ಇಥಿಯೋಪಿಯಾದ ವಿದ್ಯಾರ್ಥಿಗಳು ಹುಳಿ ಹಿಟ್ಟಿನ ಅಗಲವಾದ ರೊಟ್ಟಿ ಹುಯ್ಯುತ್ತಿದ್ದರು. ಒಬ್ಬ ಅಜ್ಜ ಅದನ್ನು ನೋಡಿ, “ದೋಸೆ ಸೀದೋಗುತ್ತೆ, ಇನ್ನೊಂದ್ ಕಡೆ ಮಗುಚಿ” ಎಂದು ಉಪದೇಶ ಕೊಡುತ್ತಿದ್ದರು. ಮಣಿಪುರದ ಹುಡುಗಿಯರು ಮೊಮೊ ಮಡಿಸುತ್ತಿದ್ದರು. ಮಕ್ಕಳ ಮುಖಕ್ಕೆಲ್ಲ ಹುಲಿ, ಚಿಟ್ಟೆ, ಆನೆಯ ಬಣ್ಣ. ವೇದಿಕೆಯ ಮೇಲೆ ಬಿದಿರಿನ ಕೊಳವೆಗಳನ್ನು ಸಾಲಾಗಿ ಕಟ್ಟಿದ ಒಂದು ವಾದ್ಯವನ್ನು ಒಬ್ಬ ಥಾಯ್ ಮನುಷ್ಯ ಊದುತ್ತಿದ್ದ. ಪಕ್ಕದಲ್ಲಿ ಕಾಯುತ್ತಿದ್ದ ಆನೇಕಲ್ ಕಡೆಯ ತಮಟೆ ಹುಡುಗರು ತಡೆದುಕೊಳ್ಳಲಾಗದೆ ಅದಕ್ಕೆ ತಮ್ಮ ಕಡ್ಡಿಯ ಪೆಟ್ಟು ಸೇರಿಸಿಬಿಟ್ಟರು. ಊದುವವನು ಕಣ್ಣರಳಿಸಿ ಇನ್ನೂ ಜೋರಾಗಿ ಊದಿದ. ಇವರು ಇನ್ನೂ ಜೋರಾಗಿ ಬಾರಿಸಿದರು. ಮೈದಾನವೆಲ್ಲ ಕಾಲು ಕುಣಿಸಿತು. ನಾನಂತೂ ಕೈಯಲ್ಲಿ ಪರಂಗಿಕಾಯಿ ಹಿಡಿದೇ ಒಂದು ಸುತ್ತು ಕುಣಿದೆ.

ನಮ್ಮ ಮೇಜಿನ ಮೇಲೆ ಎರಡು ಕುಟ್ಟಾಣಿ. ಒಂದು ಅತ್ತಿಗೆ ತಮ್ಮ ಊರಿಂದ ತಂದ ಮಣ್ಣಿನದು, ಅದಕ್ಕೆ ಮರದ ಒನಕೆ. ಊರಿನವರಿಗೆಲ್ಲ ಮಾಡುವ ಸೀಗಡಿಯ ಕೋಸಂಬರಿ ಅದರಲ್ಲಿ. ಇನ್ನೊಂದು ದೊಡ್ಡಮ್ಮನ ಕಲ್ಲು. ಅದನ್ನು ಅತ್ತಿಗೆ ಬಿಳಿ ಬಟ್ಟೆ ಮುಚ್ಚಿ ಮೇಜಿನ ತುದಿಯಲ್ಲಿ ಇಟ್ಟು, “ಇದು ಅವ್ವ ಬಂದ ಮ್ಯಾಕೆ. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ” ಅಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಮುಂದೆ ಸಾಲು ಬೆಳೆಯಿತು. ಕಾಯುವ ಜನ ಬೇಸರಪಡಬಾರದೆಂದು ನಾನು ಸುಮ್ಮನೆ ಒಂದೆರಡು ದನಿ ತೆಗೆದೆ. ಆಯೋಜಕಿ ಮೇಡಂ ಕೇಳಿಸಿಕೊಂಡರು. “ಸೂಪರ್ ಕಣ್ರೀ! ತಗೊಳ್ಳಿ, ಮೈಕ್ ನಿಮ್ಮ ಹತ್ರಾನೇ ಇರ್ಲಿ, ಅನೌನ್ಸ್‌ಮೆಂಟ್ ನೀವೇ ಮಾಡಿ” ಎಂದು ತಂತಿಯಿಲ್ಲದ ಮೈಕನ್ನು ಕೊಟ್ಟು ಹೋದರು. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಅದು ಕಚ್ಚಿ ನೋಡಿ ಬಿಸಾಡುತ್ತದೆಯಷ್ಟೆ. ಮೈಕ್ ಕೊಟ್ಟರೆ ಏನು ಮಾಡುತ್ತದೆ ಎಂದು ಆ ದಿನ ಗೊತ್ತಾಯಿತು.

ಕಂಡಕ್ಟರ್ ದನಿಯಲ್ಲಿ ಸಾಲು ಸರಿಪಡಿಸಿದೆ. ಮ್ಯಾನೇಜರ್ ದನಿಯಲ್ಲಿ ಕೆಮ್ಮಿ, ಖಾರ ಜಾಸ್ತಿಯಾದರೆ ಅದು ತಿಂದವರ ತಪ್ಪು ಅಂದೆ. ಕೊನೆಗೆ ದೊಡ್ಡಮ್ಮನನ್ನು ತೆಗೆದೆ. “ಯಾವನ್ಲಾ ಅವ್ನು ಎರಡ್ನೇ ಪ್ಲೇಟಿಗೆ ಬಂದೋನು? ನಿಮ್ಮನೆ ನೀರ್ ಬಿಲ್ ಕಟ್ಟಿದ್ದೀಯಾ?” ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೆಲ್ಲರಿಗೂ ಒಬ್ಬ ಬಾಡಿಗೆ ಮನೆಯ ಯಜಮಾನಿ ಇದ್ದಳು ಅಂತ ಕಾಣುತ್ತದೆ. ಮೊಮೊ ಸಾಲಿನವರೂ ಇತ್ತ ಬಂದರು.

ಅಷ್ಟರಲ್ಲಿ ಥಾಯ್ ಹೆಂಗಸರು ಅತ್ತಿಗೆಯನ್ನು ವೇದಿಕೆಗೆ ಎಳೆದರು, ಕುಣಿತಕ್ಕೆ ಒಬ್ಬರು ಕಡಿಮೆ ಇದ್ದರು. ಅಣ್ಣ ದೊಡ್ಡಮ್ಮನನ್ನು ಕರೆತರಲು ಹೋಗಿದ್ದ. ಮಳಿಗೆಯಲ್ಲಿ ನಾನೊಬ್ಬನೇ. ಅತ್ತಿಗೆ ಹೋಗುವಾಗ, “ಮೆತ್ತಗೆ ಕುಟ್ಟು ತಮ್ಮಾ. ಇಂಗೆ, ಅಂಗಲ್ಲ” ಎಂದು ಕೈ ತಿರುಗಿಸಿ ತೋರಿಸಿ ಹೋದರು. ನಾನು ಅಂಗೇ ಕುಟ್ಟಿದೆ. ಜಿಮ್ ಟ್ರೈನರ್ ದನಿ ತೆಗೆದು, “ಒನ್ ಮೋರ್, ಲಾಸ್ಟ್ ಒನ್, ಇನ್ನೊಂದ್ ಲಾಸ್ಟ್ ಒನ್” ಎಂದು ಕೂಗುತ್ತಾ ಒನಕೆ ಎತ್ತಿ ಹಾಕಿದೆ. ಹುಲಿ ಮುಖದ ಮಕ್ಕಳು ಎಣಿಸಿದರು. ಏಳನೆಯ ಲಾಸ್ಟ್ ಒನ್‌ಗೆ ಮಣ್ಣಿನ ಕುಟ್ಟಾಣಿ ಎರಡು ಹೋಳಾಗಿ ಪರಂಗಿ ಎಲ್ಲ ಮೇಜಿನ ಮೇಲೆ ಬಂತು.

ಸಾಲಿನಲ್ಲಿ ಇನ್ನೂ ಇಪ್ಪತ್ತು ಮೂವತ್ತು ಜನ. ಮಕ್ಕಳು, “ಅಂಕಲ್, ಇನ್ನೊಂದು ಇದೆಯಲ್ಲ!” ಎಂದು ಬಿಳಿ ಬಟ್ಟೆಯತ್ತ ಬೆರಳು ತೋರಿಸಿದರು. ಅಲ್ಲಿಯೇ ನಾನು ‘ಇಲ್ಲ ಮಕ್ಕಳೇ, ಅದು ಬೇರೆಯದು’ ಅನ್ನಬೇಕಿತ್ತು. ಒಂದೇ ವಾಕ್ಯ. ಆದರೆ ನಗು ನಿಂತುಹೋಗುತ್ತದಲ್ಲ! ಕಲ್ಲು ತಾನೆ, ತೊಳೆದರಾಯಿತು ಎಂದುಕೊಂಡು ಬಟ್ಟೆ ಸರಿಸಿದೆ. ಬೆಳ್ಳುಳ್ಳಿ ಬಿತ್ತು, ಮೆಣಸಿನಕಾಯಿ ಬಿತ್ತು, ಒಣ ಸೀಗಡಿ ಬಿತ್ತು, ಮೇಲೆ ಮೀನಿನ ಸಾಸೂ ಬಿತ್ತು. ಎಷ್ಟು ಜನ ತಿಂದರೋ ಲೆಕ್ಕವಿಲ್ಲ, ಎಲ್ಲರೂ ನಕ್ಕರು. ಸಾಲು ಕರಗಿದ ಮೇಲೆ ಒಂದು ಬಾಟಲಿ ಕುಡಿಯುವ ನೀರು ಸುರಿದು ಕಲ್ಲನ್ನು ತೊಳೆದು, ಒರೆಸಿ, ಬಟ್ಟೆ ಮುಚ್ಚಿ ಇಟ್ಟೆ. ನೋಡಲು ಬೆಳಗಿನಂತೆಯೇ ಇತ್ತು.

ಅತ್ತಿಗೆ ತಲೆಗೆ ಹೂ ಮುಡಿದುಕೊಂಡು ಏದುಸಿರು ಬಿಡುತ್ತಾ ಬಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನೋಡಿದ್ದೇ ಇಲ್ಲ. ಒಡೆದ ಹೋಳುಗಳನ್ನು ನೋಡಿ, ಎರಡನ್ನೂ ಎತ್ತಿ ಪಕ್ಕಕ್ಕಿಟ್ಟರು. “ಓಗ್ಲಿ ಬುಡು ತಮ್ಮಾ, ಮಣ್ಣು ತಾನೆ” ಎಂದು ನನ್ನ ಬೆನ್ನು ತಟ್ಟಿದರು. “ಅವ್ವನ ಕಲ್ಲು ಐತಲ್ಲ. ನಂಗೆ ಅದೇ ಮುಖ್ಯ.” ನಾನು ಬಾಯಿ ತೆರೆದೆ. ಹೊರಗೆ ಬಂದದ್ದು ಕಂಡಕ್ಟರ್ ದನಿ. “ರೈಟ್, ರೈಟ್.”

ಅದೇ ಹೊತ್ತಿಗೆ ಅಣ್ಣನ ಹಿಂದೆ ದೊಡ್ಡಮ್ಮ ಬಂದಳು. ರೇಷ್ಮೆ ಅಂಚಿನ ಸೀರೆ, ಕೈಯಲ್ಲಿ ತನ್ನದೇ ನೀರಿನ ಬಾಟಲಿ. ಇಥಿಯೋಪಿಯಾದ ರೊಟ್ಟಿಯನ್ನು ದೂರದಿಂದ ನೋಡಿ, ತಮಟೆಯವರಲ್ಲಿ ಒಬ್ಬನನ್ನು ಗುರುತು ಹಿಡಿದು ಅವನ ತಾಯಿಯ ಮಂಡಿನೋವು ವಿಚಾರಿಸಿ, ಕೊನೆಗೆ ನಮ್ಮ ಮಳಿಗೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಅತ್ತಿಗೆ ಬಟ್ಟೆ ತೆಗೆದರು. ಮೀನು ಇಲ್ಲ, ಸೀಗಡಿ ಇಲ್ಲ, ಪರಂಗಿಗೆ ಮೆಣಸಿನಕಾಯಿ, ಉಪ್ಪು, ಬೆಲ್ಲ, ಹುಣಸೆರಸ ಮಾತ್ರ. ಒಂದೊಂದನ್ನೂ ದೊಡ್ಡಮ್ಮನಿಗೆ ತೋರಿಸಿ ತೋರಿಸಿ ಹಾಕಿದರು. ಕಲ್ಲಿನ ಸದ್ದು ಮೆತ್ತಗೆ, ಒಂದೇ ಸಮ. ದೊಡ್ಡಮ್ಮ ಅವರ ಕೈಯನ್ನೇ ನೋಡುತ್ತಿದ್ದಳು. “ಕೈ ಪರವಾಗಿಲ್ಲ” ಅಂದಳು. ದೊಡ್ಡಮ್ಮನ ಬಾಯಲ್ಲಿ ಅದು ದೊಡ್ಡ ಬಹುಮಾನ.

ನಾನು ಹೇಳಿದರೆ ಅತ್ತಿಗೆಯ ಎರಡು ವರ್ಷದ ಶ್ರಮ ನೀರುಪಾಲಾಗುತ್ತದೆ. ಹೇಳದಿದ್ದರೆ ದೊಡ್ಡಮ್ಮ ಶನಿವಾರದ ದಿನ ಮೀನಿನ ಕಲ್ಲಿನಲ್ಲಿ ಕುಟ್ಟಿದ್ದನ್ನು, ಮೀನು ಸೋಕದ ತನ್ನ ಕಲ್ಲೆಂಬ ನಂಬಿಕೆಯಲ್ಲಿ ತಿನ್ನುತ್ತಾಳೆ. ದೊಡ್ಡಮ್ಮ ಬಾಳೆ ಎಲೆಯ ತುಂಡಿನಿಂದ ಒಂದು ತುತ್ತು ಎತ್ತಿದಳು. ಕೈ ಬಾಯಿಯ ಹತ್ತಿರ ಹೋಯಿತು.

“ತಿನ್ನಬೇಡ!”

ಕೈಯಲ್ಲಿದ್ದ ಮೈಕ್ ಆನ್ ಇತ್ತು. ಮೈದಾನದ ನಾಲ್ಕು ಮೂಲೆಯ ಸ್ಪೀಕರುಗಳಿಂದ ನನ್ನ ಸ್ವಂತ, ನೆಗಡಿ ಬಂದಂಥ ದನಿ ಹೊರಟಿತು. ವೇದಿಕೆಯ ಹಾಡು ನಿಂತಿತು. ನೂರಾರು ಜನ ಚಮಚ ಬಾಯಿಯ ಹತ್ತಿರವೇ ಹಿಡಿದು ನಿಂತುಬಿಟ್ಟರು. ಒಬ್ಬಾತ ಬಾಯಲ್ಲಿದ್ದ ಮೊಮೊವನ್ನು ಅಂಗೈಗೆ ತೆಗೆದುಕೊಂಡ. ಆಯೋಜಕಿ ಮೇಡಂ ದೂರದಿಂದ, “ಏನಾಯ್ತ್ರೀ? ಯಾವ ಸ್ಟಾಲ್? ಯಾವ ಸ್ಟಾಲ್?” ಎಂದು ಓಡಿ ಬಂದರು. “ನೀವೆಲ್ಲ ತಿನ್ನಿ, ತಿನ್ನಿ! ದೊಡ್ಡಮ್ಮ ಮಾತ್ರ ತಿನ್ನಬೇಡ” ಎಂದು ನಾನು ಮತ್ತೆ ಮೈಕಿನಲ್ಲೇ ತಿದ್ದುಪಡಿ ಕೊಟ್ಟೆ. ಮೇಡಂ ಮೈಕ್ ಕಿತ್ತುಕೊಂಡು, ಎದೆಗೆ ಒತ್ತಿಕೊಂಡು ಹೊರಟುಹೋದರು.

ದೊಡ್ಡಮ್ಮ ತುತ್ತನ್ನು ಎಲೆಗೆ ಇಳಿಸಿದಳು. “ಯಾಕ್ಲಾ? ವಿಷ ಆಕಿದ್ದೀಯಾ?”

ಎಲ್ಲ ಹೇಳಿದೆ. ಮಕ್ಕಳು, ಒನಕೆ, ಲಾಸ್ಟ್ ಒನ್, ಸೀಗಡಿ, ಬಾಟಲಿ ನೀರು. ಯಾರ ದನಿಯೂ ಸಹಾಯಕ್ಕೆ ಬರಲಿಲ್ಲ. ದೊಡ್ಡಮ್ಮ ಬಗ್ಗಿ ಕಲ್ಲನ್ನು ಮೂಸಿದಳು. ಅಲ್ಲಿಂದ ತಲೆಯೆತ್ತಿ ಅತ್ತಿಗೆಯನ್ನು ನೋಡಿದಳು.

“ನಿಂಗೊತ್ತಿತ್ತೇನಮ್ಮಿ?”

ಅತ್ತಿಗೆ ಇಲ್ಲ ಎಂದು ತಲೆಯಾಡಿಸಿದರು. ಅವರ ಮುಖದಲ್ಲಿದ್ದ ಕುಣಿತದ ಕೆಂಪೆಲ್ಲ ಇಳಿದುಹೋಗಿತ್ತು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ನನ್ನ ಕಡೆ ನೋಡಲೂ ಇಲ್ಲ. ಕಲ್ಲನ್ನು ಪಕ್ಕಕ್ಕೆ ಸರಿಸಿದರು. “ಅವ್ವ, ಒಂದ್ ಐದ್ ನಿಮ್ಷ ಕೂತ್ಕೊ” ಅಂದರು.

ಕೈ, ಚಾಕು ತೊಳೆದುಕೊಂಡರು. ಹೊಸ ಪರಂಗಿಕಾಯಿ ಸೀಳಿ ಎಳೆ ಎಳೆಯಾಗಿ ಹೆಚ್ಚಿದರು. ಹೊಸ ಬಾಳೆ ಎಲೆ ಹಾಸಿದರು. ಕುಟ್ಟಲು ಏನೂ ಇರಲಿಲ್ಲ, ಅದಕ್ಕೇ ಮೆಣಸಿನಕಾಯಿಯನ್ನು ಉಪ್ಪು ಬೆಲ್ಲದ ಜೊತೆ ಬೆರಳಲ್ಲೇ ನುರಿದರು. ಹುಣಸೆರಸ ಸುರಿದು, ಪರಂಗಿಯನ್ನು ಅದರಲ್ಲಿ ಹಾಕಿ, ಮುಷ್ಟಿಯಲ್ಲಿ ಹಿಡಿದು ಕಿವುಚತೊಡಗಿದರು. ನಮ್ಮ ಮನೆಯಲ್ಲಿ ಹಸಿ ಗೊಜ್ಜು ಕಿವುಚುವುದು ಹೀಗೆಯೇ. ಎರಡು ವರ್ಷ ದೊಡ್ಡಮ್ಮನ ಪಕ್ಕ ನಿಂತು ಕಲಿತ ಕೈ ಅದು, ಮೊದಲು ಹಿಂಡಿ, ಆಮೇಲೆ ಸಡಿಲ ಬಿಟ್ಟು, ಮತ್ತೆ ಹಿಂಡುವ ಕೈ. ಖಾರಕ್ಕೆ ಅವರ ಬೆರಳುಗಳು ಕೆಂಪಾದವು, ಒಂದು ಸಲ ಉಫ್ ಎಂದು ಊದಿಕೊಂಡರು, ನಿಲ್ಲಿಸಲಿಲ್ಲ. ಅಣ್ಣ ಹುರಿದ ಕಡಲೆಕಾಯಿ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿಕೊಟ್ಟ. ನಾನು ಸಹಾಯಕ್ಕೆ ಕೈ ಚಾಚಿದೆ. ಇಬ್ಬರೂ ಒಟ್ಟಿಗೆ, “ನೀನ್ ಮುಟ್ಬೇಡ” ಅಂದರು.

ಎಲೆಯನ್ನು ದೊಡ್ಡಮ್ಮನ ಮುಂದೆ ಇಟ್ಟರು. ವೇದಿಕೆಯಲ್ಲಿ ಬಿದಿರಿನ ವಾದ್ಯ ಮತ್ತೆ ಶುರುವಾಗಿತ್ತು. ದೊಡ್ಡಮ್ಮ ಒಂದು ತುತ್ತು ತಿಂದಳು. ಕಣ್ಣಲ್ಲಿ ನೀರು ಬಂತು, ಅದು ಖಾರದ್ದು. ಇನ್ನೊಂದು ತುತ್ತು ತಿಂದಳು. ನಾವು ಮೂವರೂ ಅವಳ ದವಡೆಯನ್ನೇ ನೋಡುತ್ತಾ ನಿಂತಿದ್ದೆವು. ಮೂರನೆಯದು, ನಾಲ್ಕನೆಯದು. ಎಲೆಗೆ ಅಂಟಿದ್ದ ಕೊನೆಯ ಎಳೆಯನ್ನೂ ಬೆರಳಲ್ಲಿ ಬಳಿದುಕೊಂಡಳು.

“ಎಂಗೈತವ್ವ?” ಅತ್ತಿಗೆಯ ದನಿ ಕೇಳಿಸಿದ್ದೇ ಕಷ್ಟ.

“ಉಪ್ಪು ಒಸಿ ಕಮ್ಮಿ.”

ಅಷ್ಟೇ ಹೇಳಿ ಎಲೆ ಮಡಿಸಿದಳು. ಒಲೆಯ ಮಾತಿಲ್ಲ, ತಾರಸಿಯ ಮಾತಿಲ್ಲ. ಅತ್ತಿಗೆ ಸೆರಗಿಲ್ಲದ ತಮ್ಮ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನನಗೆ ಮೌನ ಎಂದೂ ಆಗಿಬಂದದ್ದಲ್ಲ. ಯಾರಾದರೂ ನಕ್ಕರೆ ಸಾಕು ಎನಿಸಿ, ದೊಡ್ಡಮ್ಮನ ಎದುರೇ ದೊಡ್ಡಮ್ಮನ ದನಿ ತೆಗೆದುಬಿಟ್ಟೆ. ಸೊಂಟಕ್ಕೆ ಕೈಯಿಟ್ಟು, ಗದ್ದ ಮೇಲೆತ್ತಿ ಕೂಗಿದೆ. “ಮೀನ್ ಮುಟ್ಟಿದ್ ಕಲ್ಲು ಮನೆ ಒಳೀಕೆ ಬರಂಗಿಲ್ಲ! ಕಲ್ಲೂ ಕುಟ್ಟೋಳೂ ಇಬ್ರೂ ತಾರ್ಸಿ ಮ್ಯಾಲಿರ್ಲಿ!”

ಪಕ್ಕದ ಮಳಿಗೆಯವರು ನಕ್ಕರು. ಅತ್ತಿಗೆ ನಗಲಿಲ್ಲ. ದೊಡ್ಡಮ್ಮ ಹೇಳುವುದು ಅದನ್ನೇ ಎಂದು ಅವರೂ ಅಂದುಕೊಂಡಿದ್ದರೆಂದು ನನಗೆ ಆಗ ಹೊಳೆಯಿತು. ದೊಡ್ಡಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು, ಮುಚ್ಚಳ ತಿರುಗಿಸಿ ಭದ್ರ ಮಾಡಿ, ನನ್ನ ಕಡೆ ತಿರುಗಿದಳು.

“ಆ ಕಲ್ಲು ಇನ್ ಮ್ಯಾಕೆ ಇವಳ್ದು, ಒಳಗಿನ ಒಲೆ ತಾವ ಇರ್ತದೆ. ಉಪ್ಪು ಎಷ್ಟು ಅಂತ ನಾಳೆ ನಾನೇ ತೋರಿಸ್ಕೊಡ್ತೀನಿ. ತಾರ್ಸಿ ಮ್ಯಾಗಿನ ಕೋಣೆ ಕಾಲಿ ಆಯ್ತಲ್ಲ, ನಿನ್ ಚಾಪೆ ದಿಂಬು ಅಲ್ಲಿಗೆ ಎತ್ಕೊಂಡ್ ಓಗು.”